ಬರೆ ಕುಸಿದ ಮೇಲೆ ದೇವರ ಜೊತೆ ಮಾತು

"ದೇವರು ದೊಡ್ಡವನು, ನಿಮ್ಮನ್ನು ಉಳಿಸಿದ." 2018ರ ಆಗಸ್ಟ್ ನಂತರ ಈ ಮಾತನ್ನು ನನಗೆ ಎಷ್ಟು ಜನ ಹೇಳಿದರೋ. ನೆಂಟರು ಹೇಳಿದರು, ಶಿಬಿರಕ್ಕೆ ಬಟ್ಟೆ ತಂದವರು ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತು ಊರು ಯಾವುದೆಂದು ಕೇಳಿದವರೂ ಹೇಳಿದರು. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು. ನಮ್ಮ ಮನೆಯಿಂದ ಸ್ವಲ್ಪ ಕೆಳಗಿದ್ದ ಮನೆಯ ದೊಡ್ಡಮ್ಮ ಉಳಿಯಲಿಲ್ಲ. ನಮಗಿಂತ ಜಾಸ್ತಿ ದೇವರನ್ನು ನಂಬಿದವರು ಅವರು. ಸಂಜೆ ದೀಪ ಹಚ್ಚದೆ ಒಂದು ಲೋಟ ಕಾಫಿಯೂ ಕುಡಿಯುತ್ತಿರಲಿಲ್ಲ. ನಮ್ಮನ್ನು ಉಳಿಸಿದ್ದು ದೇವರಾದರೆ, ಅವರ ಕೈ ಬಿಟ್ಟಿದ್ದು ಯಾರು?

ಕೊಡಗಿನಲ್ಲಿ ಆ ವರ್ಷ ಮಳೆಗೆ ಬರೆ, ಅಂದರೆ ಬೆಟ್ಟದ ಇಳಿಜಾರು, ಕುಸಿದು ಮನೆ ಕಳೆದುಕೊಂಡ ನೂರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಈಗ ನಾನು ದೇವರನ್ನು ನಂಬುತ್ತೇನೆ. ಮೊದಲಿಗಿಂತ ಗಟ್ಟಿಯಾಗಿಯೇ ನಂಬುತ್ತೇನೆ. ಆದರೆ ಅದು ಯಾರೋ ಹೇಳಿದ ಸಮಾಧಾನದ ಮಾತಿನಿಂದ ಬಂದದ್ದಲ್ಲ. ನಿಧಾನವಾಗಿ, ಸುಮಾರು ಜಗಳ ಆದ ಮೇಲೆ ಬಂದದ್ದು. ಇಂಥದ್ದೇ ಸಂಕಟದಲ್ಲಿ ಕೂತಿರುವವರು ಯಾರಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಮಡಿಕೇರಿ ತಾಲ್ಲೂಕಿನ ಮಕ್ಕಂದೂರು ಕಡೆ. ಇಳಿಜಾರಿನಲ್ಲಿ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ತೋಡಿನ ಪಕ್ಕ ಸ್ವಲ್ಪ ಗದ್ದೆ. ಮಳೆ ನಮಗೆ ಹೊಸದಲ್ಲ. ಜೂನ್ ಬಂದರೆ ಸೌದೆ ಒಳಗೆ ಸೇರಬೇಕು, ಒಲೆ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಬೇಕು, ಅಷ್ಟೇ. ಆ ವರ್ಷ ಜೂನ್‌ನಿಂದಲೇ ಬಿಡುವಿಲ್ಲದೆ ಸುರಿಯಿತು. ಜುಲೈಯಲ್ಲಿ ಒಂದು ದಿನ ನೆಲವೂ ಸ್ವಲ್ಪ ನಡುಗಿತು. ಪಾತ್ರೆಗಳು ಟಣ್ ಟಣ್ ಅಂದವು. ಆಗಸ್ಟ್ 3ಕ್ಕೆ, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಎಂದಿನಂತೆ ಮದ್ದು ಸೊಪ್ಪಿನ ಪಾಯಸ ಮಾಡಿ ತಿಂದೆವು. ಇನ್ನೇನು ಮಳೆ ಇಳಿಯುವ ಕಾಲ ಬಂತು ಅಂದುಕೊಂಡೆವು.

ಇಳಿಯಲಿಲ್ಲ. ಸ್ವಾತಂತ್ರ್ಯ ದಿನದ ಹೊತ್ತಿಗೆ ಮಳೆಯ ಸದ್ದೇ ಬೇರೆಯಾಯಿತು. ಮನೆಗೆ ನೀರು ಬರುತ್ತಿದ್ದದ್ದು ಮೇಲಿನ ಒರತೆಯಿಂದ, ಪೈಪ್ ಹಾಕಿ ತಂದದ್ದು. ಅವತ್ತು ನಲ್ಲಿ ತಿರುಗಿಸಿದರೆ ಕೆಂಪು ನೀರು ಬಂತು. ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ಸಂಜೆ ಹಿಂಬಾಗಿಲು ಹಾಕಲು ಹೋದರೆ ಚೌಕಟ್ಟಿಗೆ ಕೂರಲಿಲ್ಲ. ಮಳೆಗೆ ಮರ ಊದಿರಬೇಕು ಅಂದರು ನಮ್ಮ ಮನೆಯವರು. ಆದರೆ ಟಾರ್ಚ್ ಹಿಡಿದು ಅಂಗಳಕ್ಕೆ ಹೋದವರು ಓಡಿ ಬಂದರು. ದನದ ಕೊಟ್ಟಿಗೆಯಿಂದ ಬಾವಿ ಕಟ್ಟೆಯವರೆಗೆ ನೆಲ ಬಾಯಿ ಬಿಟ್ಟಿತ್ತು. ನನ್ನ ಅಂಗೈ ಒಳಗೆ ಇಳಿಯುವಷ್ಟು ಅಗಲ.

ದನಗಳ ಹಗ್ಗ ಬಿಚ್ಚಿದೆವು. ಮಗಳ ಶಾಲೆಯ ಬ್ಯಾಗಿನಿಂದ ಪುಸ್ತಕ ತೆಗೆದು ಆಧಾರ್ ಕಾರ್ಡು, ಪಾಸ್‌ಬುಕ್, ಅತ್ತೆಯ ಬಿ.ಪಿ. ಮಾತ್ರೆ ತುಂಬಿದೆವು. ಅತ್ತೆ ದೇವರ ಕೋಣೆಗೆ ಹೋಗಿ ಬರಿಗೈಯಲ್ಲಿ ಹೊರಗೆ ಬಂದರು. ಏನೂ ತರಲಿಲ್ಲವಾ ಅಂದೆ. "ಅವರು ಇಲ್ಲೇ ಇರಲಿ. ನಾವು ಹೋಗುವ" ಅಂದರು. ಕತ್ತಲಲ್ಲಿ, ಜಿಗಣೆ ಹತ್ತುತ್ತಿದ್ದ ತೋಟದ ದಾರಿಯಲ್ಲಿ ಮೇಲಿನ ರಸ್ತೆಗೆ ಹತ್ತಿದೆವು. ಕೆಳಗಿನ ಮನೆಗೂ ಕೂಗಿ ಹೇಳಿದೆವು. ದೊಡ್ಡಮ್ಮನಿಗೆ ಮಂಡಿ ನೋವು, ಕತ್ತಲಲ್ಲಿ ಆ ಏರು ಹತ್ತುವ ಹಾಗಿರಲಿಲ್ಲ. ಬೆಳಕು ಹರಿದ ಕೂಡಲೇ ಹೊತ್ತುಕೊಂಡಾದರೂ ಬರುತ್ತೇವೆ ಅಂದ ಅವರ ಮಗ.

ಬೆಳಗ್ಗೆ ರಸ್ತೆಯ ಮೇಲೆ ನಿಂತು ನೋಡಿದೆವು. ಮೊದಲು ವಿಮಾನ ತಲೆ ಮೇಲೇ ಹಾರಿದ ಹಾಗೆ ಸದ್ದು. ಆಮೇಲೆ ಮರಗಳು ನಡೆಯಲು ಶುರು ಮಾಡಿದವು. ಬೀಳಲಿಲ್ಲ, ಸಿಲ್ವರ್ ಓಕ್ ಮರಗಳು ನಿಂತ ಹಾಗೆಯೇ, ಮೆಣಸಿನ ಬಳ್ಳಿ ಸಮೇತ ಕೆಳಗೆ ಹೋದವು. ಹೋಗುತ್ತಾ ಹೋಗುತ್ತಾ ಒಂದೊಂದಾಗಿ ವಾಲಿದವು. ಹಸಿ ಮಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಮನೆಯ ಹೆಂಚು ಒಂದು ಕ್ಷಣ ಕಂಡಿತು, ಮತ್ತೆ ಕಾಣಲಿಲ್ಲ. ಕೆಳಗಿನ ಮನೆ ಇದ್ದ ಕಡೆ ಕೆಂಪು ನೀರು ಹರಿಯುತ್ತಿತ್ತು. ಮಗನನ್ನು ಯಾರೋ ಎಳೆದು ಬದುಕಿಸಿದರು. ದೊಡ್ಡಮ್ಮ ಸಿಕ್ಕಿದ್ದು ಮಳೆ ನಿಂತ ಮೇಲೆ, ತುಂಬ ಕೆಳಗೆ.

ಕಾಲೂರು, ಹೆಬ್ಬೆಟ್ಟಗೇರಿ, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ. ಆ ವಾರ ಎಲ್ಲಿಂದ ಕೇಳಿದರೂ ಬರೆ ಕುಸಿದದ್ದೇ ಸುದ್ದಿ. ಮಂಗಳೂರಿಗೆ ಹೋಗುವ ಹೆದ್ದಾರಿ ಮದೆನಾಡು, ಜೋಡುಪಾಲದ ಹತ್ತಿರ ಕಿತ್ತುಹೋಗಿತ್ತು. ಮೋಡ ಕವಿದು ಹೆಲಿಕಾಪ್ಟರ್ ಇಳಿಯಲು ಆಗುತ್ತಿರಲಿಲ್ಲ. ಸೇನೆಯವರು, ಎನ್‌ಡಿಆರ್‌ಎಫ್‌ನವರು, ಎಲ್ಲಕ್ಕಿಂತ ಮೊದಲು ನಮ್ಮೂರಿನ ಹುಡುಗರು ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ನಾವು ಮಡಿಕೇರಿಯ ಒಂದು ಶಿಬಿರಕ್ಕೆ ಬಂದು ಸೇರಿದೆವು.

ಶಿಬಿರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾಪೆ, ಸಾಲು, ಶೌಚಾಲಯದ ಮುಂದೆ ಕಾಯುವುದು, ಅನ್ನ ಸಾಂಬಾರು. ತೋಟದ ಮಾಲೀಕರೂ ಲೈನ್ ಮನೆಯ ಕೂಲಿಯವರೂ ಅಕ್ಕಪಕ್ಕ ಮಲಗಿದ್ದೆವು. ಆದರೆ ಒಂದು ವಿಷಯ ಬಿಡಲಾರೆ. ಆ ವರ್ಷ ಬಕ್ರೀದ್ ಆಗಸ್ಟ್ 22ಕ್ಕೆ ಬಂತು. ಹಬ್ಬದ ದಿನ ಬೆಳಗ್ಗೆ ನಮಾಜ್ ಮುಗಿಸಿದ ಹುಡುಗರು ನೇರ ಶಿಬಿರದ ಅಡುಗೆ ಮನೆಗೆ ಬಂದು ಈರುಳ್ಳಿ ಹೆಚ್ಚಲು ಕೂತರು. ಹಬ್ಬಕ್ಕೆ ಇಟ್ಟ ದುಡ್ಡಲ್ಲಿ ಕಂಬಳಿ ತಂದಿದ್ದರು. ಚರ್ಚಿನ ಸಿಸ್ಟರ್‌ಗಳು ಹೆಂಗಸರಿಗೆ ಬೇಕಾದ ಒಳ ಉಡುಪು, ಪ್ಯಾಡು ತಂದು ಕೈಗೇ ಕೊಟ್ಟು ಹೋದರು. ಕೇಳಲು ನಾಚಿಕೆಪಡುವ ವಸ್ತುಗಳು ಅವು. ನಾವು ಕೇಳುವ ಮೊದಲೇ ತಂದಿದ್ದರು. ನರಗುಂದದ ಕಡೆಯಿಂದ ಒಂದು ಲಾರಿಯಲ್ಲಿ ಜೋಳದ ರೊಟ್ಟಿ ಬಂತು. ಒಣಗಿದ ರೊಟ್ಟಿ, ಹಳೆ ಪಂಚೆಯಲ್ಲಿ ಕಟ್ಟಿದ್ದು, ಜೊತೆಗೆ ಶೇಂಗಾ ಚಟ್ನಿ ಪುಡಿ. ನಮ್ಮ ಕಡೆ ಜೋಳದ ರೊಟ್ಟಿ ತಿನ್ನುವ ರೂಢಿ ಇಲ್ಲ. ಅತ್ತೆ ಅದನ್ನು ಸಾಂಬಾರಿನಲ್ಲಿ ನೆನೆಸಿ ತಿಂದು, "ಇಷ್ಟು ರೊಟ್ಟಿ ತಟ್ಟಲು ಎಷ್ಟು ಜನ ಹೆಂಗಸರು ಕೂತಿರಬೇಕು" ಅಂದರು.

ಆಗ ನನಗೆ ಇದರಲ್ಲೆಲ್ಲ ದೇವರು ಕಾಣಲಿಲ್ಲ. ಮನುಷ್ಯರು ಕಂಡರು, ಅಷ್ಟೇ. ಸಂಜೆ ಕೆಲವರು ಭಜನೆ ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೈ ಮುಗಿಯಲು ಕೈ ಮೇಲೇಳುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಮಾತು ಕಿವಿಗೆ ಬೀಳುತ್ತಿತ್ತು. ಇದು ದೇವರ ಕೋಪ, ಕಾವೇರಮ್ಮನ ಶಾಪ, ಜನ ಪದ್ಧತಿ ಬಿಟ್ಟರು, ಅದಕ್ಕೇ ಹೀಗಾಯಿತು ಅಂತ. ಈ ಮಾತನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ದೊಡ್ಡಮ್ಮ ಯಾವ ಪದ್ಧತಿ ಬಿಟ್ಟಿದ್ದರು? ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು ಹೇಳಿದ್ದು ಬೇರೆ. ಮೆತ್ತನೆಯ ದಪ್ಪ ಮಣ್ಣು, ಅದರೊಳಗೆ ವಾರಗಟ್ಟಲೆ ಇಳಿದ ನೀರು, ಹೊರಗೆ ಹೋಗಲು ದಾರಿ ಸಿಗದೆ ಒತ್ತಿದ್ದು. ರಸ್ತೆಗೆ, ಮನೆಗೆ, ಕಟ್ಟಡಗಳಿಗೆ ಅಂತ ಬೆಟ್ಟದ ಬುಡವನ್ನು ನೇರವಾಗಿ ಕಡಿದದ್ದು. ಮನುಷ್ಯರು ಕಡಿದ ಬರೆಗೆ ದೇವರನ್ನು ಹೊಣೆ ಮಾಡಬಾರದು. ಸತ್ತವರ ಮೇಲೆ ಪಾಪ ಹೊರಿಸುವುದಂತೂ ದೊಡ್ಡ ಕ್ರೂರತನ.

ನಿಮ್ಹಾನ್ಸ್‌ನಿಂದ ಬಂದಿದ್ದ ಒಬ್ಬ ಹುಡುಗಿ ನನ್ನ ಪಕ್ಕ ಕೂತು ದೇವರ ವಿಷಯವನ್ನೇ ಎತ್ತಲಿಲ್ಲ. ನಿದ್ದೆ ಬರುತ್ತಾ ಅಂತ ಕೇಳಿದಳು. ಮಗಳು ಮಳೆ ಸದ್ದಿಗೆ ಬೆಚ್ಚುತ್ತಾಳಾ ಅಂದಳು. ಬೆಚ್ಚುತ್ತಿದ್ದಳು. ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೂ ಚಪ್ಪಲಿ ಹುಡುಕುತ್ತಿದ್ದಳು. ಅವಳನ್ನು ಬೈಯಬೇಡಿ, ಚಪ್ಪಲಿ ಹಾಕಿಕೊಳ್ಳಲು ಬಿಡಿ, ಜೊತೆಗೆ ಬಾಗಿಲವರೆಗೆ ಹೋಗಿ ಬನ್ನಿ ಅಂದಳು ಆ ಹುಡುಗಿ. ಹಾಗೇ ಮಾಡಿದೆವು. ತಿಂಗಳುಗಟ್ಟಲೆ ಮಾಡಿದ ಮೇಲೆ ಅವಳು ಒಂದು ರಾತ್ರಿ ಪೂರ್ತಿ ಮಲಗಿದಳು. ಸಂಕಟ ಬಂದಾಗ ಡಾಕ್ಟರ ಹತ್ತಿರ ಹೋಗುವುದು ದೇವರ ಮೇಲಿನ ನಂಬಿಕೆ ಕಡಿಮೆ ಆದ ಹಾಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಮೇಲೆ ಕುಶಾಲನಗರದಲ್ಲಿ ಬಾಡಿಗೆ ಮನೆ. ಸರ್ಕಾರ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಹಣ ಕೊಡುತ್ತಿತ್ತು. ಎರಡು ಕೋಣೆ, ಸಿಮೆಂಟ್ ನೆಲ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲಿಗೆ ಬಂದ ಸ್ವಲ್ಪ ದಿನಕ್ಕೆ ಅಕ್ಟೋಬರ್ ಬಂತು, ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥ ಉಕ್ಕುವ ದಿನ. ಕೊಡಗಿನವರಿಗೆ ಇದು ಎಂಥ ದಿನ ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಗದ್ದೆಯಲ್ಲಿ, ಬಾವಿಯ ಹತ್ತಿರ, ಗೊಬ್ಬರದ ಗುಂಡಿಯ ಹತ್ತಿರ ಬೊತ್ತು ಅನ್ನುವ ಕೋಲು ನೆಡುತ್ತೇವೆ. ಬೆಳಗಿನ ಜಾವ ತೆಂಗಿನಕಾಯಿಗೋ ಸೌತೆಕಾಯಿಗೋ ರೇಷ್ಮೆ ಬಟ್ಟೆ ಉಡಿಸಿ, ಕರಿಮಣಿ ಹಾಕಿ, ಬಳೆ ಇಟ್ಟು ಅದನ್ನೇ ಕಾವೇರಮ್ಮ ಅಂತ ಪೂಜೆ ಮಾಡುತ್ತೇವೆ. ಮನೆಯ ಹೆಂಗಸರು ಮೊದಲು ಅಕ್ಷತೆ ಹಾಕಿ ನಮಸ್ಕಾರ ಮಾಡಬೇಕು.

ಈ ವರ್ಷ ಬೇಡ ಅಂದೆ ನಾನು. ನೀರಿನಿಂದಲೇ ಎಲ್ಲ ಹೋಯಿತು, ಇನ್ನು ನೀರಿಗೆ ಪೂಜೆ ಯಾಕೆ ಅಂದೆ.

ಅತ್ತೆ ಸಿಟ್ಟಾಗಲಿಲ್ಲ. ಮಾರನೆಯ ದಿನ ಸಂತೆಯಿಂದ ಒಂದು ಸೌತೆಕಾಯಿ ತಂದರು. ರೇಷ್ಮೆ ಎಲ್ಲಿಂದ ಬರಬೇಕು? ಶಿಬಿರದಲ್ಲಿ ಸಿಕ್ಕಿದ ಸೀರೆಗಳಲ್ಲಿ ಒಂದು ಕೆಂಪು ಸಿಂಥೆಟಿಕ್ ಸೀರೆ ಇತ್ತು, ಅಂಚಿನಲ್ಲಿ ಇಸ್ತ್ರಿ ಸುಟ್ಟ ಕಲೆ. ಅದರ ಒಳ್ಳೆಯ ತುದಿ ಹರಿದು ಸೌತೆಕಾಯಿಗೆ ಸುತ್ತಿದರು. ತಮ್ಮ ಕುತ್ತಿಗೆಯ ಕರಿಮಣಿ ಬಿಚ್ಚಿ ಅದಕ್ಕೆ ಹಾಕಿದರು. ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿ ಕೂರಿಸಿದರು. ನಾನು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

"ಬಾ ಕೂಸೇ, ಕೂತ್ಕೋ" ಅಂದರು.

"ನನಗೆ ಆಗಲ್ಲ ಅತ್ತೆ. ಇವಳ ಮೇಲೆ ಸಿಟ್ಟಿದೆ ನನಗೆ."

"ಸಿಟ್ಟಿದ್ರೆ ಎದುರು ಕೂತು ಹೇಳು. ನನಗೂ ಇದೆ. ಮುಖ ತಿರುಗಿಸಿಕೊಂಡು ಹೋದ್ರೆ ಇನ್ಯಾರ ಹತ್ರ ಹೇಳ್ತೀಯಾ?"

ನಾನು ಕೂತೆ. ಅತ್ತೆ ಅಕ್ಷತೆ ಹಾಕಿದರು. ನಾನು ಹಾಕಲಿಲ್ಲ, ಮಾತಾಡಿದೆ. ಬಾಯಿ ಬಿಟ್ಟೇ ಮಾತಾಡಿದೆ. ದೊಡ್ಡಮ್ಮ ನಿನಗೆ ಏನು ಮಾಡಿದ್ದರು ಅಂದೆ. ನಮ್ಮ ಕೆಂಪಿ ಹಸುವಿಗೆ ಹೊಟ್ಟೆಯಲ್ಲಿ ಕರು ಇತ್ತು, ಅದನ್ನೂ ಒಯ್ದೆಯಲ್ಲ ಅಂದೆ. ಮನೆ ಕಟ್ಟಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ ಅಂದೆ. ಒಂದೊಂದೇ ಹೇಳಿದೆ. ಅಷ್ಟು ದಿನ ಅಳು ಬಂದಿರಲಿಲ್ಲ ನನಗೆ. ಅವತ್ತು ಬಂತು. ಅತ್ತೆ ನನ್ನನ್ನು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮಧ್ಯೆ ಒಂದು ಸಲ ದೀಪದ ಬತ್ತಿ ಮುಂದೆ ಸರಿಸಿದರು.

ಉತ್ತರ ಏನೂ ಬರಲಿಲ್ಲ. ಆದರೆ ನನ್ನ ಮಾತು ಯಾರಿಗೋ ತಲುಪಿತು ಅನ್ನಿಸಿತು. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕೇಳುವವರು ಯಾರೂ ಇಲ್ಲ ಅಂತ ನಿಜವಾಗಿ ಅನ್ನಿಸಿದ್ದರೆ ಅಷ್ಟು ಹೊತ್ತು ಜಗಳ ಆಡುತ್ತಿರಲಿಲ್ಲ, ಅಲ್ವಾ? ನನ್ನ ನಂಬಿಕೆ ಸತ್ತಿಲ್ಲ ಅಂತ ನನಗೆ ಗೊತ್ತಾಗಿದ್ದು ಆ ಜಗಳದಲ್ಲೇ. ಮಾರನೆಯ ದಿನದಿಂದ ಸಂಜೆ ದೀಪ ಹಚ್ಚಲು ಶುರು ಮಾಡಿದೆ. ಬೇಡುವುದು ಏನೂ ಇರಲಿಲ್ಲ. ಹಚ್ಚಿ, ಅವತ್ತಿನ ಸಿಟ್ಟು ಏನಿದೆಯೋ ಹೇಳಿ, ಎದ್ದು ಬರುತ್ತಿದ್ದೆ. ಕೆಲವು ದಿನ ಸಿಟ್ಟು ಇರುತ್ತಿರಲಿಲ್ಲ.

ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಮ್ಮಲ್ಲಿ ಕದಿರು ಕೊಯ್ಯಲು ಗದ್ದೆಯೇ ಇರಲಿಲ್ಲ. ಗದ್ದೆಯ ಮೇಲೆ ಆಳುದ್ದ ಮಣ್ಣು ಕೂತಿತ್ತು. ಪರಿಚಯದವರೊಬ್ಬರು ತಮ್ಮ ಗದ್ದೆಗೆ ಕರೆದರು. ತೋಕು, ಅಂದರೆ ಕೋವಿ, ಸಿಡಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ಕೊಯ್ಯುವಾಗ ಕುಡುಗೋಲನ್ನು ನಮ್ಮ ಮನೆಯವರ ಕೈಗೆ ಕೊಟ್ಟರು. ದೇವರೇ ಹೆಚ್ಚಿಸು ಅಂತ ಕೂಗುವುದು ಅದು. ಏನೂ ಉಳಿಯದವರ ಬಾಯಲ್ಲಿ ಆ ಕೂಗು ಹೇಗೆ ಬರಬೇಕು ಅಂತ ನಾನು ನೋಡುತ್ತಿದ್ದೆ. ಅವರ ದನಿ ಮೊದಲು ಹೊರಡಲಿಲ್ಲ. ಎರಡನೇ ಸಲ ಹೊರಟಿತು.

ಇದರ ಜೊತೆಜೊತೆಗೇ ಕಚೇರಿ ಅಲೆದಾಟ. ಪಹಣಿ ತೆಗೆಸಿದರೆ ನಮ್ಮ ಜಾಗ ಪೂರ್ತಿ ಇದೆ, ಸರ್ವೆ ನಂಬರ್ ಸಮೇತ. ಹೋಗಿ ನೋಡಿದರೆ ಇಲ್ಲ. ಮೊದಲ ಸಲ ಹೋದಾಗ ಗುರುತಿಗೆ ಒಂದು ಮರವೂ ಸಿಗಲಿಲ್ಲ. ಬೆಟ್ಟದ ನೆತ್ತಿಯಿಂದ ತೋಡಿನವರೆಗೆ ಒಂದೇ ಕೆಂಪು. ಮನೆ ಇಲ್ಲಿ ಇತ್ತು ಅಂತ ಅತ್ತೆ ಒಂದು ಕಡೆ ತೋರಿಸಿದರು, ನಮ್ಮ ಮನೆಯವರು ಇನ್ನೊಂದು ಕಡೆ ತೋರಿಸಿದರು. ಇಂಥ ಅಲೆದಾಟದಲ್ಲಿರುವವರಿಗೆ ನನ್ನದು ಒಂದು ಮಾತು. ಹಾನಿಯ ಫೋಟೋ, ಪಂಚನಾಮೆಯ ಪ್ರತಿ, ಕೊಟ್ಟ ಅರ್ಜಿಯ ಸ್ವೀಕೃತಿ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಮತ್ತೆ, ಒಬ್ಬರೇ ಹೋಗಬೇಡಿ. ಮನಸ್ಸು ಸೋತಾಗ ಕಿಟಕಿಯ ಆಚೆ ಕೂತವರ ಒಂದು ಗಟ್ಟಿ ಮಾತೂ ಜಾಸ್ತಿ ನೋಯುತ್ತದೆ. ನಾವು ನಾಲ್ಕಾರು ಮನೆಯವರು ಒಟ್ಟಿಗೆ ಹೋಗುತ್ತಿದ್ದೆವು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕಡೆ ಊರುಗಳು ಮುಳುಗಿದವು. ಕೊಣ್ಣೂರಿನ ಬೀದಿಗಳಲ್ಲಿ ನೀರು ನಿಂತದ್ದನ್ನು ಟಿವಿಯಲ್ಲಿ ನೋಡಿ ಅತ್ತೆ ಎದ್ದು ನಿಂತರು. "ರೊಟ್ಟಿ ಕಳಿಸಿದವರು" ಅಂದರು. ನಮ್ಮ ಜಿಲ್ಲೆಯಲ್ಲೇ ಆ ವಾರ ಮತ್ತೆ ಬರೆ ಕುಸಿದಿತ್ತು, ವಿರಾಜಪೇಟೆ ಕಡೆ ತೋರದಲ್ಲಿ ಸಾವಾಗಿತ್ತು. ನಮ್ಮ ಕೈಯಲ್ಲಿ ಏನಿತ್ತು? ಆದರೂ ಬಾಡಿಗೆ ಮನೆಗಳಲ್ಲಿದ್ದ ನಾವು ಹೆಂಗಸರು ಸೇರಿ ಕಂಬಳಿ, ಸ್ವೆಟರ್, ಕಾಫಿ ಪುಡಿ, ಬೆಲ್ಲ ಕಟ್ಟಿದೆವು. ಶಿಬಿರದಲ್ಲಿ ಸಿಕ್ಕಿದ ಹೊಸ ಸೀರೆಗಳನ್ನು ಉಡದೇ ಇಟ್ಟಿದ್ದವರು ಅವನ್ನೇ ಕೊಟ್ಟರು. ಅವತ್ತು ರಾತ್ರಿ ನಾನು ವರ್ಷದಿಂದ ಮಲಗದ ಹಾಗೆ ಮಲಗಿದೆ. ಕೊಡುವವರಾಗಿ ಮತ್ತೆ ನಿಲ್ಲಬಹುದು ಅನ್ನುವುದೇ ನನಗೆ ಸಿಕ್ಕಿದ ಮೊದಲ ಭರವಸೆ. ರೊಟ್ಟಿಯಲ್ಲಿ ಅವತ್ತು ಕಾಣದ ದೇವರು ನನಗೆ ಈ ಕಂಬಳಿ ಕಟ್ಟುವಾಗ ಕಂಡ ಅಂದರೆ ಸುಳ್ಳಲ್ಲ.

2020ರ ಜೂನ್‌ನಲ್ಲಿ ಜಂಬೂರಿನ ಹೊಸ ಮನೆ ಸಿಕ್ಕಿತು. ಸಾಲು ಮನೆಗಳು, ಎಲ್ಲವೂ ಒಂದೇ ತರ, ಎರಡು ಬೆಡ್‌ರೂಮು. ಹಾಲು ಉಕ್ಕಿಸಿದೆವು. ಅತ್ತೆ ಮೂಲೆಯಲ್ಲಿ ದೇವರ ಜಾಗ ಮಾಡಿದರು. ಇನ್ನು ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಆಗಸ್ಟ್ ಬಂತು. ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು. ಮನೆಯಲ್ಲಿದ್ದ ಐದು ಜನವೂ ಹೋದರು.

ನನ್ನ ಹಳೆಯ ಪ್ರಶ್ನೆ ಎದ್ದು ಬಂದು ಎದುರು ನಿಂತಿತು. ಕಾವೇರಮ್ಮನನ್ನೇ ಮುಟ್ಟಿ ಪೂಜೆ ಮಾಡುತ್ತಿದ್ದವರು. ಅವಳ ಮಗ್ಗುಲಲ್ಲೇ ಇದ್ದವರು. ಅವರನ್ನೇ ಉಳಿಸಲಿಲ್ಲ ಅಂದಮೇಲೆ? ಅತ್ತೆ ದಿನವಿಡೀ ಟಿವಿ ಮುಂದೆ ಕೂತಿದ್ದರು. ಪಕ್ಕದ ಮನೆಯವರು ಬಂದು, "ಅಮ್ಮನೇ ಅವರನ್ನು ತನ್ನ ಹತ್ರ ಕರೆಸಿಕೊಂಡಳು" ಅಂದರು. ಅತ್ತೆ ತಲೆ ಅಲ್ಲಾಡಿಸಿದರು. "ಹಾಗೆ ಹೇಳಬಾರದು. ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ದೇವರ ಹೆಸರಲ್ಲಿ ಹೇಳಬಾರದು" ಅಂದರು. ಆಮೇಲೆ ಎದ್ದು ಹೋಗಿ ದೀಪ ಹಚ್ಚಿದರು. ಕೈ ನಡುಗುತ್ತಿತ್ತು, ಮೂರು ಕಡ್ಡಿ ಗೀರಬೇಕಾಯಿತು. ಆದರೆ ಹಚ್ಚಿದರು.

ನನಗೆ ಆವತ್ತು ಒಂದು ವಿಷಯ ಗಟ್ಟಿಯಾಯಿತು. ಪೂಜೆ ಮಾಡಿದರೆ ಬೆಟ್ಟ ಕುಸಿಯುವುದಿಲ್ಲ ಅನ್ನುವ ಒಪ್ಪಂದ ದೇವರು ಯಾರ ಜೊತೆಯೂ ಮಾಡಿಕೊಂಡಿಲ್ಲ. ಅರ್ಚಕರ ಜೊತೆಯೂ ಇಲ್ಲ. ಆ ಒಪ್ಪಂದವನ್ನೇ ನಂಬಿಕೆ ಅಂದುಕೊಂಡರೆ ಮೊದಲ ಬರೆ ಕುಸಿದಾಗಲೇ ಅದು ಮುರಿದು ಬೀಳುತ್ತದೆ. ಅತ್ತೆಯ ನಂಬಿಕೆ ಮುರಿಯಲಿಲ್ಲ, ಯಾಕಂದರೆ ಅವರು ಯಾವತ್ತೂ ಅಂಥ ಷರತ್ತು ಹಾಕಿರಲಿಲ್ಲ. ಆ ಅಕ್ಟೋಬರ್‌ನಲ್ಲಿ, ಕೊರೊನಾದ ನಿರ್ಬಂಧದ ನಡುವೆ, ಅದೇ ಬೆಟ್ಟದ ಬುಡದಲ್ಲಿ ಬೇರೆ ಅರ್ಚಕರು ನಿಂತು ಸಂಕ್ರಮಣದ ಪೂಜೆ ನಡೆಸಿದರು. ಬೆಟ್ಟದ ಮೇಲಿನ ಕೆಂಪು ಗಾಯ ಹಸಿಯಾಗಿಯೇ ಇತ್ತು. ನಾವೂ ಮನೆಯಲ್ಲಿ ಕಾವೇರಮ್ಮನನ್ನು ಕೂರಿಸಿದೆವು. ನಾನು ಅಕ್ಷತೆ ಹಾಕಿದೆ.

ಇನ್ನೂ ಒಂದು ಬಾಕಿ ಇತ್ತು. ಮಳೆಯ ಭಯ. ಕಕ್ಕಬ್ಬೆಯ ಹತ್ತಿರ ಪಾಡಿಯಲ್ಲಿ ಇಗ್ಗುತ್ತಪ್ಪ ಇದ್ದಾನೆ, ನಮಗೆ ಮಳೆ ಬೆಳೆ ಕೊಡುವ ದೇವರು. 2018ರ ನಂತರ ಅಲ್ಲಿಗೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ. ಮಳೆಯ ದೇವರ ಹತ್ತಿರ ಏನಂತ ಕೇಳಲಿ? 2023ರಲ್ಲಿ ಮಳೆ ಕೈಕೊಟ್ಟಿತು. ಕೊಡಗಿನಲ್ಲೂ ತೋಡುಗಳು ಸೊರಗಿದವು. ಕೆಆರ್‌ಎಸ್ ತುಂಬಲಿಲ್ಲ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಮಂಡ್ಯದಲ್ಲಿರುವ ನನ್ನ ತಂಗಿ ಫೋನ್ ಮಾಡಿ, ನಾಲೆಗೆ ನೀರು ಬಿಟ್ಟಿಲ್ಲ, ಭತ್ತ ಹಾಕಿಲ್ಲ ಅಕ್ಕಾ ಅಂದಳು. ನಮ್ಮ ಬೆಟ್ಟದ ಮೇಲೆ ಬೀಳುವ ಹನಿಗೆ ಅಲ್ಲಿಯವರೆಗೂ ಜನ ಕಾಯುತ್ತಾರೆ ಅಂತ ಗೊತ್ತಿತ್ತು. ಆದರೆ ಎದೆಗೆ ತಾಗಿದ್ದು ಆವಾಗಲೇ.

ಪಾಡಿಗೆ ಹೋದೆವು. ಮಗಳೂ ಬಂದಳು, ಅಷ್ಟೊತ್ತಿಗೆ ಕಾಲೇಜು ಸೇರಿದ್ದಳು. ಗುಡಿಯ ಮುಂದೆ ನಿಂತು ಕಣ್ಣು ಮುಚ್ಚಿದೆ. ಮಳೆ ಕೊಡು ಅಂತ ಕೇಳಿದೆ. ನನ್ನ ಮನೆ ನುಂಗಿದ ಮಳೆಯನ್ನೇ ಕೇಳಿದೆ. ಹದವಾಗಿ ಕೊಡು ಅಂತ ಸೇರಿಸಿದೆ ನಿಜ. ಆದರೆ ಕೇಳಿದೆ. ಹಾಗೆ ಕೇಳಲು ಆಯಿತು ಅನ್ನುವುದೇ ನನಗೆ ಪ್ರಸಾದ. ಹೊರಗೆ ಬಂದು ಮಗಳನ್ನು ಕೇಳಿದೆ, ನೀನು ಏನು ಕೇಳಿಕೊಂಡೆ ಅಂತ. "ಅದೇ" ಅಂದಳು.

ದೇವರನ್ನು ನಂಬುತ್ತೇನೆ ಅಂದ ಮಾತ್ರಕ್ಕೆ ಸುಮ್ನೆ ಕೂರುವುದಿಲ್ಲ. ಜೂನ್ ಬಂದರೆ ನಮ್ಮ ಹಳೇ ಜಾಗಕ್ಕೆ ಹೋಗಿ ನೋಡುತ್ತೇವೆ. ಮಣ್ಣು ನಿಂತ ಕಡೆ ಈಗ ಸ್ವಲ್ಪ ಮೆಣಸು, ಬೆಣ್ಣೆ ಹಣ್ಣಿನ ಗಿಡ ಹಾಕಿದ್ದೇವೆ. ಬರೆ ಕಡಿಯಲು ಬಿಡುವುದಿಲ್ಲ, ಮಳೆ ನೀರು ಹರಿದು ಹೋಗಲು ಚರಂಡಿ ಮಾಡಿದ್ದೇವೆ. ಬೆಟ್ಟದ ಬುಡದಲ್ಲಿರುವವರಿಗೆಲ್ಲ ಹೇಳುತ್ತೇನೆ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನಿಂತುಹೋದರೆ, ಇಲ್ಲದ ಕಡೆ ಹೊಸ ಒರತೆ ಎದ್ದರೆ, ಬಾಗಿಲು ಕಿಟಕಿ ಬಿಗಿದರೆ, ನೆಲದಲ್ಲಿ ಬಿರುಕು ಕಂಡರೆ, ಮರ ಕಂಬಗಳು ವಾಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ನಡೆಯಲಾಗದವರನ್ನು ಮಳೆ ಜೋರಾಗುವ ಮೊದಲೇ ಬೇರೆ ಕಡೆ ಕಳಿಸಿ. ಹರಕೆಯನ್ನು ಆಮೇಲೆ ಹೇಳಬಹುದು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಅಲ್ಲಿ ಟೀ ತೋಟದ ಕೆಲಸಕ್ಕೆ ಹೋಗಿದ್ದ ನಮ್ಮ ರಾಜ್ಯದವರೂ ಸತ್ತವರಲ್ಲಿ ಇದ್ದರು. ಚಾಮರಾಜನಗರ ಕಡೆಯ ಒಬ್ಬ ಹೆಂಗಸು, ಅಕ್ಕನ ಸಂಸಾರವನ್ನೇ ಅಲ್ಲಿ ಕಳೆದುಕೊಂಡವಳು, ಪರಿಚಯದವರ ಮೂಲಕ ನನಗೆ ಫೋನ್ ಮಾಡಿದಳು. ದೇವರು ನಿನ್ನನ್ನು ಉಳಿಸಿದ ಅಂತ ನಾನು ಹೇಳಲಿಲ್ಲ. ಊಟ ಮಾಡಿದ್ಯಾ ಅಂತ ಕೇಳಿದೆ. ಮಾಡಿರಲಿಲ್ಲ. ಮಾಡಿ ಬಾ, ಆಮೇಲೆ ಮಾತಾಡೋಣ, ನಾನು ಇಲ್ಲೇ ಇರ್ತೀನಿ ಅಂದೆ. ಆಮೇಲೆ ಎಷ್ಟೋ ಸಲ ಮಾತಾಡಿದೆವು. ಒಂದು ದಿನ ಅವಳೇ ಶುರು ಮಾಡಿದಳು.

"ಮಾದಪ್ಪನ ಮೇಲೆ ಕ್ವಾಪ ಬಂದದೆ ಕನಕ್ಕಾ. ಪಾಪ ಬತ್ತದಾ?"

"ಬರಲ್ಲ. ನಾನು ಕಾವೇರಮ್ಮನ ಎದುರು ಕೂತು ಬೈದಿದ್ದೀನಿ" ಅಂದೆ.

ಅವಳು ಸ್ವಲ್ಪ ಹೊತ್ತು ಬಿಟ್ಟು, ದೀಪಾವಳಿ ಜಾತ್ರೆಗೆ ಬೆಟ್ಟಕ್ಕೆ ಹೋಗುತ್ತೇನೆ, ಅವನನ್ನೇ ನೇರ ಕೇಳುತ್ತೇನೆ ಅಂದಳು. ಹೋಗು, ಒಬ್ಬಳೇ ಹೋಗಬೇಡ, ಮನೆಯವರನ್ನೂ ಕರೆದುಕೊಂಡು ಹೋಗು ಅಂದೆ. ಅಕ್ಕನ ಮರಣ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ ಅಂದಳು. ಅದಕ್ಕೆ ಯಾವ ಕಾಗದ ಬೇಕು, ಎಲ್ಲಿ ಕೇಳಬೇಕು ಅಂತ ನನಗೆ ಗೊತ್ತಿದ್ದಷ್ಟನ್ನು ಬರೆಸಿದೆ.